ಬರೆದರೆ ಭಾರ ಇಳಿಯುವುದೇ?

ಪುತ್ರಶೋಕದಿಂದ ಕಣ್ಣು ಕಳೆದುಕೊಂಡ ಪ್ರವಾದಿ ಯಾಕೂಬ್(ಅ) ತಮ್ಮ ಅಳಲನ್ನು ಅಲ್ಲಾಹನ ಮುಂದೆ ತೋಡಿಕೊಂಡರೆಂದು ಸೂರಃ ಯೂಸುಫ್ ತಿಳಿಸುತ್ತದೆ. ದುಃಖ ಹೇಳಿಕೊಳ್ಳುವುದು ಸಹನೆಗೆ ವಿರುದ್ಧವಲ್ಲ. ಆದರೆ ನಮ್ಮ ಮನೆಗಳಲ್ಲಿ ಅದೆಷ್ಟೋ ಮಂದಿ 'ಸಬ್ರ್' ಎಂದು ಬಾಯಿ ಮುಚ್ಚಿಕೊಂಡು ಒಳಗೊಳಗೇ ಕೊರಗುತ್ತಾರೆ. ಅಂಥವರಿಗೆ ದುಆದ ಜೊತೆಗೆ ಒಂದು ನೋಟ್ ಪುಸ್ತಕವೂ ಆಸರೆಯಾದೀತು.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ನೋವಿನ ಅನುಭವವನ್ನು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆದರು. ಬರೆದೊಡನೆ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಆದರೆ ಘಟನೆಯೊಂದಿಗೆ ತಮ್ಮ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಉಳಿದವರಿಗಿಂತ ಕಡಿಮೆ. ಆದ್ದರಿಂದ ಮೊದಲ ದಿನ ಅಳು ಬಂತೆಂದು ಬರೆಯುವುದನ್ನು ಬಿಟ್ಟುಬಿಡಬೇಡಿ. ವಾರಗಳು ಕಳೆದರೂ ಭಾರ ಇಳಿಯದಿದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಿರಿ. ಕನ್ನಡ, ಉರ್ದು, ಬ್ಯಾರಿ, ಭಾಷೆ ಯಾವುದಾದರೂ ಸರಿ. ವ್ಯಾಕರಣ ತಿದ್ದಲು ನನ್ನಂಥ ಮಾಸ್ತರರು ಅಲ್ಲಿರುವುದಿಲ್ಲ!

ಇನ್ನು ಹೆತ್ತವರಲ್ಲಿ ಒಂದು ಮಾತು. ಮಗಳು ಬರೆದಿಟ್ಟದ್ದನ್ನು ದಿಂಬಿನಡಿಯಿಂದ ತೆಗೆದು ಓದುವುದೇ ಕಾಳಜಿಯೆಂದು ಭಾವಿಸುವವರಿದ್ದಾರೆ. ಇತರರ ಗುಟ್ಟು ಕೆದಕುವುದನ್ನೂ ಪರನಿಂದೆಯನ್ನೂ ಸೂರಃ ಅಲ್ ಹುಜುರಾತ್‌ನ 12ನೇ ಸೂಕ್ತವು ಒಟ್ಟಿಗೇ ನಿಷೇಧಿಸಿದೆ. ಒಮ್ಮೆ ನೀವು ಓದಿಬಿಟ್ಟರೆ ಅವಳು ಮತ್ತೆ ಬರೆಯಲಾರಳು, ನಿಮ್ಮೊಡನೆ ಮನಬಿಚ್ಚಿ ಮಾತಾಡಲೂ ಆರಳು. ಬರೆಯುವವರೂ ಅಷ್ಟೇ, ಸಿಟ್ಟಿನಲ್ಲಿ ಅತ್ತೆಯದೋ ನಾದಿನಿಯದೋ ಐಬು ಬರೆದಿದ್ದರೆ, ಮನಸ್ಸು ತಣಿದ ಮೇಲೆ ಆ ಹಾಳೆಯನ್ನು ಒಲೆಗೆ ಹಾಕಿದರಾಯಿತು.