ಒಂದು ಮತ, ಹಲವು ಪ್ರಶ್ನೆ: ಭಾರತ–ಅಮೆರಿಕ ಅಣು ಒಪ್ಪಂದದ ಜಗಳ

2008ರ ಜುಲೈ 22. ಲೋಕಸಭೆಯಲ್ಲಿ ಮನಮೋಹನ್ ಸಿಂಗ್ ಸರ್ಕಾರದ ವಿಶ್ವಾಸಮತ. ಪರ 275, ವಿರೋಧ 256. ಸರ್ಕಾರ ಉಳಿಯಿತು. ಜಗಳ ಎದ್ದದ್ದು ಬೆಲೆ ಏರಿಕೆಗೂ ಅಲ್ಲ, ಮೀಸಲಾತಿಗೂ ಅಲ್ಲ. ಅಮೆರಿಕದ ಜೊತೆಗಿನ ನಾಗರಿಕ ಅಣುಶಕ್ತಿ ಒಪ್ಪಂದಕ್ಕೆ. ರಿಯಾಕ್ಟರ್, ಯುರೇನಿಯಂ ಅಂತ ನಮ್ಮ ಪಠ್ಯದಲ್ಲಿ ಬರೋ ಪದಗಳಿಗಾಗಿ ದಿಲ್ಲಿಯ ಸರ್ಕಾರವೇ ಬೀಳುವ ಹಂತಕ್ಕೆ ಬಂದಿತ್ತು.

ನಮ್ಮಲ್ಲಿ ಬಹಳ ಮಂದಿಗೆ ಆಗ ಅಂಗನವಾಡಿ ವಯಸ್ಸು. ಹಾಗಾಗಿ ಈ ವಿಷಯ ನಮ್ಮ ಕಿವಿಗೆ ಬೀಳೋದು ‘ಆ ಒಪ್ಪಂದ ಒಳ್ಳೇದೋ ಕೆಟ್ಟದ್ದೋ’ ಅನ್ನೋ ಒಂದೇ ಸಾಲಿನಲ್ಲಿ. ಆದರೆ ಅದು ಒಂದು ಪ್ರಶ್ನೆ ಆಗಿರಲೇ ಇಲ್ಲ. ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಮತಕ್ಕೆ ಕಟ್ಟಲಾಗಿತ್ತು. ನಾಲ್ಕನೆಯದು, ಬಹುಶಃ ಎಲ್ಲಕ್ಕಿಂತ ಮುಖ್ಯವಾದದ್ದು, ಆಗ ಮೂಲೆಯಲ್ಲಿತ್ತು. ಅವನ್ನು ಬಿಡಿಸಿ ನೋಡೋಣ.

ತೊಂದರೆ ಶುರುವಾದದ್ದು ಎಲ್ಲಿ?

1974ರ ಮೇ 18ರಂದು ಭಾರತ ಪೋಖರಣ್‌ನಲ್ಲಿ ಮೊದಲ ಅಣು ಪರೀಕ್ಷೆ ಮಾಡಿತು. ಅದರ ಮುಂಚೂಣಿಯಲ್ಲಿದ್ದವರು ನಮ್ಮ ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. ಇದಕ್ಕೆ ಉತ್ತರವಾಗಿ ಅಣು ಇಂಧನ, ಉಪಕರಣ ಮಾರುವ ದೇಶಗಳು ಸೇರಿ ಒಂದು ಕೂಟ ಕಟ್ಟಿಕೊಂಡವು. ಅದೇ ಎನ್‌ಎಸ್‌ಜಿ, ಪರಮಾಣು ಪೂರೈಕೆದಾರರ ಗುಂಪು. ನಾವು ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲ. ಹೀಗಾಗಿ ಹೊರಗಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಅಮೆರಿಕದ ಕಂಪನಿಯೇ ಕಟ್ಟಿಕೊಟ್ಟಿದ್ದ ತಾರಾಪುರದ ಎರಡು ರಿಯಾಕ್ಟರುಗಳಿಗೆ ಅಮೆರಿಕವೇ ಇಂಧನ ನಿಲ್ಲಿಸಿತು. ಕಾರಣ, 1978ರಲ್ಲಿ ಅಲ್ಲಿ ಹೊಸ ಕಾನೂನು ಬಂದಿತ್ತು. ಕೊಟ್ಟ ಮಾತಿಗಿಂತ ಆ ದೇಶದ ಒಳಗಿನ ಕಾನೂನು ದೊಡ್ಡದು ಅನ್ನೋ ಪಾಠ ನಮಗೆ ಸಿಕ್ಕಿದ್ದು ಅಲ್ಲಿ. ಮೂವತ್ತು ವರ್ಷದ ನಂತರದ ಜಗಳದಲ್ಲಿ ತಾರಾಪುರದ ಹೆಸರು ಪದೇ ಪದೇ ಬಂದದ್ದು ಅದಕ್ಕೇ.

ನಮ್ಮ ಹೆಚ್ಚಿನ ರಿಯಾಕ್ಟರುಗಳು ಭಾರಜಲ ಬಳಸುವಂಥವು. ಅವಕ್ಕೆ ಸಂವರ್ಧಿಸದ ನೈಸರ್ಗಿಕ ಯುರೇನಿಯಂ ಸಾಕು. ಆದರೆ ಅದೇ ನಮ್ಮಲ್ಲಿ ಕಡಿಮೆ. ಜಾರ್ಖಂಡ್‌ನ ಜಾದೂಗುಡದ ಅದಿರಿನಲ್ಲಿ ಸಾವಿರ ಕೆಜಿಗೆ ಒಂದು ಕೆಜಿಯಷ್ಟೂ ಯುರೇನಿಯಂ ಸಿಗುವುದಿಲ್ಲ. ಕೆನಡಾದ ಕೆಲವು ಗಣಿಗಳಲ್ಲಿ ನೂರು ಕೆಜಿಗೆ ಹತ್ತು ಕೆಜಿಗೂ ಮೀರಿ ಸಿಗುತ್ತದೆ. 2007–08ರ ಹೊತ್ತಿಗೆ ಇಂಧನ ಸಾಲದೆ ನಮ್ಮ ರಿಯಾಕ್ಟರುಗಳು ಸರಿಸುಮಾರು ಅರ್ಧ ಸಾಮರ್ಥ್ಯದಲ್ಲಿ ಓಡುತ್ತಿದ್ದವು. ಕೈಗಾದ ನಾಲ್ಕನೇ ಘಟಕ ಕೂಡ ಇಂಧನಕ್ಕಾಗಿ ಕಾಯಬೇಕಾಯಿತು. ಅದು ಶುರುವಾದದ್ದು 2011ರಲ್ಲಿ.

ಕೊಟ್ಟದ್ದೇನು, ಪಡೆದದ್ದೇನು?

2005ರ ಜುಲೈ 18ರಂದು ವಾಷಿಂಗ್ಟನ್‌ನಲ್ಲಿ ಮನಮೋಹನ್ ಸಿಂಗ್ ಮತ್ತು ಜಾರ್ಜ್ ಬುಷ್ ಜಂಟಿ ಹೇಳಿಕೆ ಕೊಟ್ಟರು. ಸಾರಾಂಶ ಇಷ್ಟೇ: ಭಾರತ ತನ್ನ ನಾಗರಿಕ ರಿಯಾಕ್ಟರುಗಳನ್ನು ಮಿಲಿಟರಿ ಕೆಲಸದಿಂದ ಬೇರ್ಪಡಿಸಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಪ್ಪಿಸುವುದು, ಅಮೆರಿಕ ತನ್ನ ಕಾನೂನು ಬದಲಿಸಿ, ಎನ್‌ಎಸ್‌ಜಿಯಲ್ಲೂ ನಮಗೆ ವಿನಾಯಿತಿ ಕೊಡಿಸುವುದು. ‘123 ಒಪ್ಪಂದ’ ಅನ್ನೋ ಹೆಸರು ಬಂದದ್ದು ಅಮೆರಿಕದ 1954ರ ಅಣುಶಕ್ತಿ ಕಾಯ್ದೆಯ 123ನೇ ಸೆಕ್ಷನ್‌ನಿಂದ.

2006ರ ಮಾರ್ಚ್‌ನಲ್ಲಿ ಪಟ್ಟಿ ಸಿದ್ಧವಾಯಿತು. ಓಡುತ್ತಿದ್ದ ಮತ್ತು ಕಟ್ಟುತ್ತಿದ್ದ 22 ರಿಯಾಕ್ಟರುಗಳಲ್ಲಿ 14 ತಪಾಸಣೆಯ ಒಳಗೆ, 8 ಹೊರಗೆ. ಹೊರಗುಳಿದ ಎಂಟರಲ್ಲಿ ನಾಲ್ಕು ನಮ್ಮ ಕೈಗಾದವು. ಅಂದರೆ ವಿದೇಶದ ಯುರೇನಿಯಂ ಆ ನಾಲ್ಕಕ್ಕೆ ಹೋಗುವಂತಿಲ್ಲ, ದೇಶದ ಗಣಿಯದ್ದೇ ಆಗಬೇಕು. ಆದರೂ ಕೈಗಾಕ್ಕೆ ಲಾಭವಾಯಿತು. ಹೇಗೆ? ಉಳಿದ ರಿಯಾಕ್ಟರುಗಳಿಗೆ ಹೊರಗಿನ ಇಂಧನ ಬಂದರೆ ದೇಶದ ಯುರೇನಿಯಂ ಈ ಎಂಟಕ್ಕೇ ಉಳಿಯುತ್ತದೆ. ಒಪ್ಪಂದವನ್ನು ವಿರೋಧಿಸಿದ ಅಮೆರಿಕದ ತಜ್ಞರು ಎತ್ತಿ ತೋರಿಸಿದ್ದೂ ಇದೇ ಲೆಕ್ಕವನ್ನು: ಉಳಿದ ಯುರೇನಿಯಂ ಬಾಂಬಿಗೂ ಹೋಗಬಹುದಲ್ಲ ಅಂತ.

ಮೂರು ಪ್ರಶ್ನೆ, ಮೂರು ಗುಂಪು

*ಒಂದು: ನಮಗೆ ಇದು ಬೇಕೇ?* ಸರ್ಕಾರದ ಉತ್ತರ, ಇಂಧನ ಇಲ್ಲದೆ ರಿಯಾಕ್ಟರ್ ಕಟ್ಟಿ ಏನು ಪ್ರಯೋಜನ? ವಿರೋಧಿಗಳ ಉತ್ತರ, ಅಣುಶಕ್ತಿಯಿಂದ ಬರೋದು ದೇಶದ ವಿದ್ಯುತ್ತಿನಲ್ಲಿ ನೂರಕ್ಕೆ ಮೂರರ ಆಸುಪಾಸು, ಅಷ್ಟಕ್ಕೆ ಇಷ್ಟು ಬೆಲೆಯೇ? ಈ ನಡುವೆ ವಿಜ್ಞಾನಿಗಳಲ್ಲೇ ಒಡಕಿತ್ತು. ಅಣುಶಕ್ತಿ ಆಯೋಗದ ಮಾಜಿ ಅಧ್ಯಕ್ಷ ಪಿ.ಕೆ. ಅಯ್ಯಂಗಾರ್ ಬಹಿರಂಗವಾಗಿ ವಿರೋಧಿಸಿದರು. ಆಗ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರ್ ಒಪ್ಪಂದದ ಒಳಗೇ ಇದ್ದುಕೊಂಡು ಒಂದು ಗೆರೆ ಎಳೆದರು: ಕಲ್ಪಾಕ್ಕಂನ ಫಾಸ್ಟ್ ಬ್ರೀಡರ್ ತಪಾಸಣೆಯ ಪಟ್ಟಿಗೆ ಹೋಗಕೂಡದು. ಹೋಮಿ ಭಾಭಾ ಹಾಕಿಕೊಟ್ಟ ಮೂರು ಹಂತದ ಯೋಜನೆಯಲ್ಲಿ ಥೋರಿಯಂ ಕಡೆಗೆ ಹೋಗುವ ದಾರಿ ಬ್ರೀಡರ್ ಮೂಲಕವೇ. ಕೊನೆಗೆ ಅದು ಹೊರಗೇ ಉಳಿಯಿತು. ತಾಂತ್ರಿಕ ವಿಷಯ ಗೊತ್ತಿದ್ದವರು ಬಾಯಿ ಬಿಟ್ಟಿದ್ದರಿಂದ ಪಟ್ಟಿಯ ರೂಪ ನಿರ್ಧಾರವಾಯಿತು ಅನ್ನೋದನ್ನು ನಾವು ಗಮನಿಸಬೇಕು.

*ಎರಡು: ಮತ್ತೆ ಬಾಂಬ್ ಪರೀಕ್ಷೆ ಮಾಡುವ ಹಕ್ಕು ಉಳಿಯುತ್ತದೆಯೇ?* ಇದು ಬಿಜೆಪಿಯ ಮುಖ್ಯ ಆಕ್ಷೇಪ. 1998ರ ಪರೀಕ್ಷೆ ನಡೆಸಿದ್ದು ವಾಜಪೇಯಿ ಸರ್ಕಾರ. ಅಮೆರಿಕದ ಜೊತೆ ಸಹಕಾರದ ಮಾತುಕತೆ ಮುಂದಕ್ಕೆ ಒಯ್ದದ್ದೂ ಅದೇ ಸರ್ಕಾರ. ಆದರೆ 2006ರ ಡಿಸೆಂಬರ್‌ನಲ್ಲಿ ಅಮೆರಿಕ ತಂದ ಹೈಡ್ ಕಾಯ್ದೆಯಲ್ಲಿ, ಭಾರತ ಪರೀಕ್ಷೆ ಮಾಡಿದರೆ ವಿನಾಯಿತಿ ರದ್ದು ಅಂತ ಸ್ಪಷ್ಟವಾಗಿ ಬರೆದಿತ್ತು. ಸರ್ಕಾರ ಹೇಳಿದ್ದು: ನಮಗೆ ಅನ್ವಯವಾಗೋದು 123ರ ಪಠ್ಯ, ಅವರ ಮನೆಯ ಕಾಯ್ದೆ ಅಲ್ಲ, ಬೇಕಾದರೆ ಪರೀಕ್ಷೆ ಮಾಡಬಹುದು, ಅದರ ಪರಿಣಾಮ ಎದುರಿಸಬೇಕು ಅಷ್ಟೇ. ತಾರಾಪುರ ನೆನಪಿದ್ದವರಿಗೆ ಈ ಉತ್ತರ ಪೂರ್ತಿ ಸಮಾಧಾನ ತರಲಿಲ್ಲ.

*ಮೂರು: ಅಮೆರಿಕದ ಜೊತೆ ಎಷ್ಟು ಹತ್ತಿರ?* ಎಡಪಕ್ಷಗಳಿಗೆ ರಿಯಾಕ್ಟರ್‌ಗಿಂತ ಇದು ದೊಡ್ಡ ಪ್ರಶ್ನೆ. 2005 ಮತ್ತು 2006ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯಲ್ಲಿ ಭಾರತ ಇರಾನ್ ವಿರುದ್ಧ ಮತ ಹಾಕಿತ್ತು. ಇರಾನ್‌ನಿಂದ ಪೈಪ್‌ಲೈನ್‌ನಲ್ಲಿ ಗ್ಯಾಸ್ ತರುವ ಯೋಜನೆ ಮುಂದೆ ಹೋಗಲಿಲ್ಲ. ವಿದೇಶಾಂಗ ನೀತಿಯೇ ವಾಲುತ್ತಿದೆ ಅನ್ನೋದು ಅವರ ವಾದ. 2004ರಿಂದ ಹೊರಗಿನಿಂದ ಬೆಂಬಲ ಕೊಟ್ಟಿದ್ದ ಎಡಪಕ್ಷಗಳು 2008ರ ಜುಲೈನಲ್ಲಿ ಬೆಂಬಲ ವಾಪಸ್ ಪಡೆದವು.

ಆ ಎರಡು ದಿನ

ಎಡಪಕ್ಷಗಳು ಬಿಟ್ಟ ಜಾಗಕ್ಕೆ ಮುಲಾಯಂ ಸಿಂಗ್ ಅವರ ಸಮಾಜವಾದಿ ಪಕ್ಷ ಬಂತು. ಅದಕ್ಕೂ ಮೊದಲು ಆ ಪಕ್ಷ ಒಪ್ಪಂದದ ವಿರುದ್ಧವೇ ಇತ್ತು. ಅಬ್ದುಲ್ ಕಲಾಂ ಅವರನ್ನು ಭೇಟಿಯಾಗಿ, ಒಪ್ಪಂದ ದೇಶದ ಹಿತಕ್ಕೆ ಅಂತ ಅವರು ಹೇಳಿದ ಮೇಲೆ ನಿಲುವು ಬದಲಿಸಿದೆವು ಅಂದರು. ಮತದ ದಿನ ಬಿಜೆಪಿಯ ಮೂವರು ಸಂಸದರು ನೋಟಿನ ಕಂತೆಗಳನ್ನು ಸದನದಲ್ಲೇ ತೆಗೆದು ತೋರಿಸಿ, ಇದು ನಮ್ಮ ಮತಕ್ಕೆ ಕೊಟ್ಟ ಲಂಚ ಎಂದು ಆರೋಪಿಸಿದರು. ಸ್ಪೀಕರ್ ಸೋಮನಾಥ ಚಟರ್ಜಿ ರಾಜೀನಾಮೆ ಕೊಡಲಿಲ್ಲ ಅಂತ ಮರುದಿನ ಸಿಪಿಎಂ ಅವರನ್ನು ಉಚ್ಚಾಟಿಸಿತು.

ಕರ್ನಾಟಕದಲ್ಲೂ ಇದರ ಬಿಸಿ ತಟ್ಟಿತು. ಶಂಕರ್ ನಾಗ್ ಸಿನಿಮಾದ ಹೆಸರಿನಿಂದ ನಮಗೆಲ್ಲ ಪರಿಚಿತರಾದ ಎಚ್.ಟಿ. ಸಾಂಗ್ಲಿಯಾನ ಆಗ ಬೆಂಗಳೂರು ಉತ್ತರದ ಬಿಜೆಪಿ ಸಂಸದರು. ಅವರು ಪಕ್ಷದ ವಿಪ್ ಮೀರಿ ಸರ್ಕಾರದ ಪರ ಮತ ಹಾಕಿದರು, ಪಕ್ಷ ಹೊರಹಾಕಿತು. ಉಡುಪಿಯ ಮನೋರಮಾ ಮಧ್ವರಾಜ್ ಮತದಾನದಿಂದ ದೂರ ಉಳಿದರು, ಅವರಿಗೂ ಅದೇ ಗತಿ.

ಇಲ್ಲೊಂದು ವಿಚಿತ್ರ ನೋಡಿ. ಇಷ್ಟೆಲ್ಲ ಆದರೂ ನಮ್ಮ ಸಂಸತ್ತು ಒಪ್ಪಂದದ ಮೇಲೆ ಮತ ಹಾಕಲೇ ಇಲ್ಲ! ಮತ ಬಿದ್ದದ್ದು ಸರ್ಕಾರ ಇರಬೇಕೋ ಬೇಡವೋ ಅನ್ನೋದಕ್ಕೆ. ನಮ್ಮ ಸಂವಿಧಾನದ ಪ್ರಕಾರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಲು ಸಂಪುಟ ಸಾಕು, ಸಂಸತ್ತಿನ ಒಪ್ಪಿಗೆ ಕಡ್ಡಾಯವಲ್ಲ. ಅಮೆರಿಕದಲ್ಲಿ ಹೈಡ್ ಕಾಯ್ದೆಗೂ 123 ಒಪ್ಪಂದಕ್ಕೂ ಅಲ್ಲಿನ ಕಾಂಗ್ರೆಸ್ ಪ್ರತ್ಯೇಕವಾಗಿ ಮತ ಹಾಕಿತು. ನಮ್ಮಲ್ಲಿ ಬೆಲೆ ಏರಿಕೆಗೆ ಕೋಪಗೊಂಡವರೂ, ಚುನಾವಣೆ ಬೇಡ ಅನ್ನೋರೂ, ಒಪ್ಪಂದ ಓದಿದವರೂ ಓದದವರೂ ಒಂದೇ ಬಟನ್ ಒತ್ತಬೇಕಾಯಿತು. 275 ಅನ್ನೋ ಅಂಕಿಯನ್ನು ‘ದೇಶ ಒಪ್ಪಂದಕ್ಕೆ ಒಪ್ಪಿತು’ ಅಂತ ಓದುವುದು ಸರಿಯಲ್ಲ.

ಆಮೇಲಿನದು ವೇಗವಾಗಿ ಆಯಿತು. ಸೆಪ್ಟೆಂಬರ್ 6ರಂದು ಎನ್‌ಎಸ್‌ಜಿ ವಿನಾಯಿತಿ, ಅಕ್ಟೋಬರ್ 10ರಂದು ಪ್ರಣಬ್ ಮುಖರ್ಜಿ ಮತ್ತು ಕಾಂಡೊಲೀಜಾ ರೈಸ್ ಸಹಿ.

ನಾಲ್ಕನೇ ಪ್ರಶ್ನೆ: ಅವಘಡವಾದರೆ ದುಡ್ಡು ಕೊಡೋರು ಯಾರು?

2008ರ ಗದ್ದಲದಲ್ಲಿ ಇದು ಹೆಚ್ಚು ಕೇಳಿಬರಲಿಲ್ಲ. 2010ರ ಜೂನ್‌ನಲ್ಲಿ ಭೋಪಾಲ್ ಅನಿಲ ದುರಂತದ ತೀರ್ಪು ಬಂತು. ಸಾವಿರಾರು ಜನ ಸತ್ತ ದುರಂತಕ್ಕೆ ಆರೋಪಿಗಳಿಗೆ ಎರಡು ವರ್ಷದ ಶಿಕ್ಷೆ. ದೇಶ ಸಿಟ್ಟಿಗೆದ್ದಿತು. ಅದೇ ಹೊತ್ತಿಗೆ ಸಂಸತ್ತಿನ ಮುಂದೆ ಅಣು ಹಾನಿ ಪರಿಹಾರದ ಮಸೂದೆ ಇತ್ತು. ಬಿಜೆಪಿ ಮತ್ತು ಎಡಪಕ್ಷಗಳು ಹಟ ಹಿಡಿದು ಅದನ್ನು ಬಿಗಿ ಮಾಡಿಸಿದವು. ಸ್ಥಾವರ ನಡೆಸುವವರ ಹೊಣೆಯ ಮಿತಿ 1,500 ಕೋಟಿ ರೂಪಾಯಿ ಆಯಿತು. 17(ಬಿ) ಸೆಕ್ಷನ್‌ನಲ್ಲಿ, ದೋಷವಿರುವ ಸಾಮಗ್ರಿ ಕೊಟ್ಟದ್ದರಿಂದ ಅವಘಡವಾದರೆ ಸ್ಥಾವರ ನಡೆಸುವವರು ಪೂರೈಕೆದಾರರಿಂದ ಆ ಹಣ ವಸೂಲಿಗೆ ಹೋಗಬಹುದು ಅಂತ ಬಂತು.

ಮೆಕ್ಯಾನಿಕಲ್, ಸಿವಿಲ್ ಓದುವವರಿಗೆ ಇದು ವಿಚಿತ್ರ ಅನ್ನಿಸಲಾರದು. ವಾಲ್ವ್ ಮಾಡಿದವನು ವಾಲ್ವಿಗೆ ಹೊಣೆ ಅನ್ನೋದು ಸಹಜ ನ್ಯಾಯ. ಆದರೆ ಜಗತ್ತಿನ ಅಣು ಉದ್ಯಮದ ರೂಢಿ ಬೇರೆ. ಅಲ್ಲಿ ಹೊಣೆಯೆಲ್ಲ ಸ್ಥಾವರ ನಡೆಸುವವರದ್ದೇ. ಅಮೆರಿಕದ ಕಂಪನಿಗಳು ಹಿಂದೆ ಸರಿದವು. 2011ರಲ್ಲಿ ಫುಕುಶಿಮಾ ಆಯಿತು, ಕೂಡಂಕುಳಂನಲ್ಲಿ ಮೀನುಗಾರರ ಹೋರಾಟ ತೀವ್ರವಾಯಿತು. ಆಂಧ್ರದ ಕೊವ್ವಾಡಕ್ಕೆ ರಿಯಾಕ್ಟರ್ ಕೊಡಬೇಕಿದ್ದ ವೆಸ್ಟಿಂಗ್‌ಹೌಸ್ 2017ರಲ್ಲಿ ದಿವಾಳಿ ರಕ್ಷಣೆ ಕೋರಿತು.

ಈಗ ಲೆಕ್ಕ ಹಾಕಿದರೆ

ಅಮೆರಿಕದ ಒಂದು ರಿಯಾಕ್ಟರೂ ಈ ಒಪ್ಪಂದದಿಂದ ಇಲ್ಲಿ ಎದ್ದು ನಿಂತಿಲ್ಲ. ಆದರೆ ಕಜಕಸ್ತಾನ, ರಷ್ಯಾ, ಕೆನಡಾದಿಂದ ಯುರೇನಿಯಂ ಬಂತು, ನಮ್ಮದೇ ವಿನ್ಯಾಸದ ರಿಯಾಕ್ಟರುಗಳು ಹೊಟ್ಟೆ ತುಂಬ ಉಂಡು ಓಡಿದವು. 2008ರಲ್ಲಿ 4,120 ಮೆಗಾವ್ಯಾಟ್ ಇದ್ದ ಸಾಮರ್ಥ್ಯ 2024ರಲ್ಲಿ 8,180ಕ್ಕೆ ಏರಿತು. ದೇಶದ ವಿದ್ಯುತ್ತಿನಲ್ಲಿ ಪಾಲು ಮಾತ್ರ ಇನ್ನೂ ನೂರಕ್ಕೆ ಮೂರರ ಆಸುಪಾಸಿನಲ್ಲೇ. ದೇಶದ ಇಂಧನದಲ್ಲೇ ಓಡುವ ಕೈಗಾದ ಒಂದನೇ ಘಟಕ 2018ರ ಕೊನೆಗೆ ಎಡೆಬಿಡದೆ 962 ದಿನ ಓಡಿ ಆಗಿನ ವಿಶ್ವದಾಖಲೆ ಮಾಡಿತು.

ಅಂದರೆ, ಬೆಳಕಿನ ಪ್ರವಾಹ ಹರಿಯುತ್ತದೆ ಅಂದವರ ಮಾತೂ ಪೂರ್ತಿ ನಿಜವಾಗಲಿಲ್ಲ, ದೇಶ ಗುಲಾಮ ಆಗುತ್ತದೆ ಅಂದವರ ಮಾತೂ ಆಗಲಿಲ್ಲ. ಹೊರಗಿನ ರಿಯಾಕ್ಟರುಗಳ ದಾರಿಯನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ವಿಶ್ವಾಸಮತದ ಭಾಷಣಗಳಲ್ಲ, ಎರಡು ವರ್ಷದ ನಂತರದ ಒಂದು ಸೆಕ್ಷನ್. 2025ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ 2047ಕ್ಕೆ 100 ಗಿಗಾವ್ಯಾಟ್ ಅಣು ವಿದ್ಯುತ್ ಗುರಿ ಹೇಳಿತು, ಜೊತೆಗೇ ಹೊಣೆಗಾರಿಕೆ ಕಾನೂನನ್ನು ಬದಲಿಸುವುದಾಗಿಯೂ ಹೇಳಿತು. ನಾಲ್ಕನೇ ಪ್ರಶ್ನೆ ಈಗ ನಮ್ಮ ಕಾಲದ್ದು. ಕೈಗಾದಲ್ಲಿ ತಲಾ 700 ಮೆಗಾವ್ಯಾಟ್‌ನ ಐದು ಮತ್ತು ಆರನೇ ಘಟಕಗಳಿಗೂ ಒಪ್ಪಿಗೆ ಸಿಕ್ಕಿದೆ. ಅಲ್ಲಿ ಕೆಲಸಕ್ಕೆ ಸೇರೋರು ನಮ್ಮಲ್ಲೇ ಕೆಲವರು, ಅದರ ಪಕ್ಕದ ಊರಿನವರೂ ನಮ್ಮಲ್ಲೇ ಕೆಲವರು.

ಕ್ಲಬ್ಬಿನ ಮುಂದಿನ ಚರ್ಚೆಗೆ ಮೂರು ಪ್ರಶ್ನೆ ಇಟ್ಟು ಮುಗಿಸುತ್ತೇನೆ. ಪರ–ವಿರೋಧ ಅಂತ ಎರಡು ಬೆಂಚು ಹಾಕುವ ಮೊದಲು, ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬರೆದುಕೊಂಡು ಬನ್ನಿ.

1. ಇಂಥ ಒಪ್ಪಂದಗಳಿಗೆ ಸಂಸತ್ತಿನ ಒಪ್ಪಿಗೆ ಕಡ್ಡಾಯ ಆಗಬೇಕೇ? ಆದರೆ ಮಾತುಕತೆ ನಡೆಸುವವರ ಕೈ ಕಟ್ಟಿದಂತಾಗುವುದಿಲ್ಲವೇ?
2. ದೋಷವಿರುವ ಭಾಗ ಪೂರೈಸಿದ ಕಂಪನಿ, ಅದನ್ನು ಪರೀಕ್ಷಿಸಿ ಒಪ್ಪಿಕೊಂಡ ಎಂಜಿನಿಯರ್, ಸ್ಥಾವರ ನಡೆಸುವ ಸಂಸ್ಥೆ: ಹೊಣೆಯನ್ನು ಇವರ ನಡುವೆ ಹೇಗೆ ಹಂಚುತ್ತೀರಿ?
3. ಕೈಗಾದ ನಾಲ್ಕು ಘಟಕ ಅಂತರರಾಷ್ಟ್ರೀಯ ತಪಾಸಣೆಯ ಹೊರಗಿವೆ. ಇದರಿಂದ ದೇಶಕ್ಕೆ ಸಿಗುವುದೇನು, ಅಲ್ಲಿನ ಜನರಿಗೆ ಸಿಗದೇ ಹೋಗುವುದೇನಾದರೂ ಇದೆಯೇ?