ದೂರ ಮತ್ತು ಕಾಲ

ಹಿಂದೆ ಮಲೆನಾಡಿನ ಜನರು ದೂರವನ್ನು ಹರದಾರಿಯಲ್ಲಿ ಹೇಳುತ್ತಿದ್ದರು. ಪಯಣದ ಹೊತ್ತಿನಿಂದಲೂ ಅಳೆಯುತ್ತಿದ್ದರು. ಹೊತ್ತು ಮೂಡುವಾಗ ಹೊರಟರೆ ಹೊತ್ತು ಮುಳುಗುವ ಮುನ್ನ ಸೇರಬಹುದಾದ ಊರು ಅವರ ಪಾಲಿಗೆ ಒಂದು ಹಗಲಿನ ದಾರಿಯಾಗಿತ್ತು. ವಿಮಾನಗಳ ಈ ಯುಗದಲ್ಲಿಯೂ ಆ ಲೆಕ್ಕ ಹಳತಾಗಿಲ್ಲ.

ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣವೊಂದು ಉದ್ಘಾಟನೆಗೊಂಡಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ರಾಷ್ಟ್ರಕವಿ ಕುವೆಂಪು ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಅಲ್ಲಿಗೆ ಬಂದಿತು. ಈ ಎರಡು ನಿಲ್ದಾಣಗಳ ನಡುವಣ ನೇರ ಅಂತರ ಸುಮಾರು 240 ಕಿಲೋಮೀಟರು. ಗಂಟೆಗೆ 480 ಕಿಲೋಮೀಟರು ವೇಗದಲ್ಲಿ ಹಾರುವ ವಿಮಾನಕ್ಕೆ ಅರ್ಧ ಗಂಟೆ ಸಾಕೆಂದು ಗಣಿತವು ಹೇಳುತ್ತದೆ. ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆಗೂ ಮಿಕ್ಕಿದ ಅವಧಿಯನ್ನು ತೋರಿಸಲಾಗಿತ್ತು. ಇದು ತಪ್ಪಲ್ಲ. ವಿಮಾನವು ನೆಲದ ಮೇಲೆ ಚಲಿಸಿ ಓಡುಹಾದಿಯನ್ನು ಸೇರಬೇಕು; ಮೇಲೇರುವಾಗಲೂ ಇಳಿಯುವಾಗಲೂ ಅದರ ವೇಗ ಕಡಿಮೆ; ಗಾಳಿಯ ದಿಕ್ಕನ್ನು ನೋಡಿ ಅದು ಬಳಸಿ ಬರಬೇಕಾಗುವುದೂ ಉಂಟು.

ನೆಲದ ದಾರಿಯನ್ನೂ ಇದಕ್ಕೆ ಸೇರಿಸಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರು. ಸಾಗರದಿಂದ ಸುಮಾರು 70. ಹೊಸನಗರದವರೂ ಕಾಡು, ತಿರುವು, ಏರಿಳಿತಗಳನ್ನು ದಾಟಿಯೇ ಬರಬೇಕು. ಹೀಗಾಗಿ ಆಕಾಶದಲ್ಲಿ ಕಳೆಯುವ ಹೊತ್ತಿಗಿಂತ ನೆಲದ ಮೇಲೆ ಕಳೆಯುವ ಹೊತ್ತೇ ಹೆಚ್ಚಾಗುತ್ತದೆ.

ಕಣ್ಣಿಗೆ ಕಾಣುವ ಊರೂ ದೂರವಾಗಬಲ್ಲದು. ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಹರಿಯುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಅನೇಕ ಹಳ್ಳಿಗಳೂ ಗದ್ದೆ ತೋಟಗಳೂ ಹಳೆಯ ದಾರಿಗಳೂ ನೀರಿನಲ್ಲಿ ಮುಳುಗಿದವು. ನಾಡಿಗೆ ವಿದ್ಯುತ್ತು ದೊರೆಯಿತು. ತುಮರಿ, ಕಳಸವಳ್ಳಿ ಮೊದಲಾದ ಊರುಗಳಿಗೆ ಸಾಗರ ಪೇಟೆಯು ದೂರವಾಯಿತು. ಅಲ್ಲಿನವರು ಲಾಂಚನ್ನೇ ನಂಬಿ ಬಾಳಬೇಕಾಯಿತು. ಸಂಜೆಯ ಲಾಂಚು ಹೊರಟುಹೋದ ಮೇಲೆ ಹಿನ್ನೀರಿನ ಆಚೆಯ ದಡವು ಮರುದಿನದ ಮಾತು. ಇರುಳಿನಲ್ಲಿ ರೋಗಿಯೊಬ್ಬನನ್ನು ಆಸ್ಪತ್ರೆಗೆ ಒಯ್ಯಬೇಕಾದರೆ ಬಳಸುದಾರಿಯೇ ಗತಿ. ಅಂತಹ ಮನೆಯವರಿಗೆ ಭೂಪಟದ ಅಂತರದಿಂದ ಏನು ಪ್ರಯೋಜನ?

ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ನಿರ್ಮಿಸಲಾದ 2.44 ಕಿಲೋಮೀಟರು ಉದ್ದದ ಸೇತುವೆಯು 2025ರ ಜುಲೈ 14ರಂದು ಉದ್ಘಾಟನೆಗೊಂಡಿತು. ದಡಗಳೆರಡೂ ಇದ್ದಲ್ಲಿಯೇ ಇವೆ. ಅವುಗಳ ನಡುವಣ ಅಂತರ ಒಂದು ಮಾರಿನಷ್ಟೂ ಕುಗ್ಗಿಲ್ಲ. ಕುಗ್ಗಿದ್ದು ಕಾಲ, ಅದರೊಡನೆ ಆರು ದಶಕಗಳ ಆತಂಕ. ವಿಮಾನದ ವೇಗವನ್ನು ಕಂಡು ನಾವು ಬೆರಗಾಗುವುದು ಸಹಜ. ಆದರೆ ನಾಡಿನ ಪ್ರಗತಿಯನ್ನು ಅಳೆಯುವಾಗ, ಕಟ್ಟಕಡೆಯ ಹಳ್ಳಿಯ ರೋಗಿಯು ಎಷ್ಟು ಹೊತ್ತಿನಲ್ಲಿ ವೈದ್ಯನನ್ನು ಕಾಣಬಲ್ಲನು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.