ಕಬ್ಬಿಣದ ಹಂದಿಗಳು

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸ್‌ಬಾಲ್ ಬಹು ಜನಪ್ರಿಯವಾದ ಆಟ. ಮಹಾನಗರಗಳ ದೊಡ್ಡ ತಂಡಗಳು ‘ಮೇಜರ್ ಲೀಗ್’ನಲ್ಲಿ ಆಡಿದರೆ, ಚಿಕ್ಕ ಊರುಗಳ ತಂಡಗಳು ‘ಮೈನರ್ ಲೀಗ್’ಗಳಲ್ಲಿ ಆಡುತ್ತವೆ. ಇವು ತರುಣ ಆಟಗಾರರ ಗರಡಿಮನೆಗಳಿದ್ದಂತೆ. ಇಲ್ಲಿ ಚೆನ್ನಾಗಿ ಪಳಗಿದವನು ದೊಡ್ಡ ತಂಡಕ್ಕೆ ಹೊರಟುಹೋಗುತ್ತಾನೆ. ಆಟಗಾರರು ಹೀಗೆ ಬದಲಾಗುತ್ತಲೇ ಇರುವುದರಿಂದ ಊರಿನವರ ಮಮತೆಗೆ ಆಸರೆಯಾಗಿ ನಿಲ್ಲುವುದು ತಂಡದ ಹೆಸರು ಮತ್ತು ಅದರ ಲಾಂಛನಪ್ರಾಣಿ. ಆದುದರಿಂದಲೇ ಅಲ್ಲಿ ತಂಡದ ನಾಮಕರಣವೆಂದರೆ ಇಡೀ ಊರಿನ ಕಾರ್ಯ.

ಪೆನ್ಸಿಲ್ವೇನಿಯಾ ರಾಜ್ಯದ ಲೀಹೈ ಕಣಿವೆಯ ಕಥೆ ಇದಕ್ಕೆ ನಿದರ್ಶನ. ಅಲ್ಲಿನ ಬೆತ್ಲೆಹೆಮ್ ಪಟ್ಟಣದ ಉಕ್ಕಿನ ಕಾರ್ಖಾನೆ ಸಾವಿರಾರು ಕುಟುಂಬಗಳಿಗೆ ಅನ್ನವಿತ್ತಿತ್ತು. ಪ್ರಸಿದ್ಧವಾದ ಗೋಲ್ಡನ್ ಗೇಟ್ ಸೇತುವೆಗೆ ಉಕ್ಕನ್ನು ಒದಗಿಸಿದ ಸಂಸ್ಥೆ ಅದೇ. 1995ರಲ್ಲಿ ಆ ಪಟ್ಟಣದಲ್ಲಿ ಉಕ್ಕಿನ ತಯಾರಿಕೆ ನಿಂತುಹೋಯಿತು, ಕುಲುಮೆಗಳು ತಣ್ಣಗಾದವು. ಮುಂದೆ ಕೆನಡಾದ ಆಟವಾ ನಗರದ ತಂಡವೊಂದು ನೆರೆಯ ಆಲೆನ್‌ಟೌನಿಗೆ ಬಂದು 2008ರಿಂದ ಆಡುವುದೆಂದು ಗೊತ್ತಾಯಿತು. ಅದಕ್ಕೆ ಹೊಸ ಹೆಸರನ್ನು ಸೂಚಿಸುವಂತೆ ಜನರನ್ನು ಕೋರಲಾಯಿತು. ಕೊನೆಗೆ ಆಯ್ಕೆಯಾದ ಹೆಸರು ‘ಐರನ್‌ಪಿಗ್ಸ್’, ಎಂದರೆ ಕಬ್ಬಿಣದ ಹಂದಿಗಳು!

ಕೇಳಿದೊಡನೆ ನಗು ಬರುವ ಈ ಹೆಸರಿನೊಳಗೆ ಶ್ರಮದ ಇತಿಹಾಸವಿದೆ. ಹಿಂದಿನ ಕಾಲದಲ್ಲಿ ಊದುಕುಲುಮೆಯಿಂದ ಹೊರಬಂದ ಕರಗಿದ ಕಬ್ಬಿಣವನ್ನು ಮರಳಿನಲ್ಲಿ ತೋಡಿದ ಒಂದು ಕಾಲುವೆಗೆ ಬಿಟ್ಟು, ಅದರ ಮಗ್ಗುಲಿನ ಚಿಕ್ಕ ಅಚ್ಚುಗಳಿಗೆ ಹರಿಸುತ್ತಿದ್ದರು. ತಾಯಿಹಂದಿಯ ಹಾಲು ಕುಡಿಯಲು ಸಾಲಾಗಿ ಮಲಗಿದ ಮರಿಗಳಂತೆ ಆ ಅಚ್ಚುಗಳು ಕಾಣುತ್ತಿದ್ದವು. ಹಾಗಾಗಿ ಆ ಕಬ್ಬಿಣಕ್ಕೆ ಇಂಗ್ಲಿಷಿನಲ್ಲಿ ‘ಪಿಗ್ ಐರನ್’ ಎಂಬ ಹೆಸರು ಬಂದಿತು. ಈ ಎರಡು ಪದಗಳನ್ನು ಹಿಂದುಮುಂದಾಗಿಸಿದಾಗ ತಂಡದ ಹೆಸರು ಸಿದ್ಧವಾಯಿತು.

ಇನ್ನು, ಹಂದಿಯ ವೇಷ ತೊಟ್ಟು ಪ್ರೇಕ್ಷಕರನ್ನು ರಂಜಿಸುವ ಲಾಂಛನಪ್ರಾಣಿಗೂ ಹೆಸರು ಬೇಕಾಗಿತ್ತು. 2007ರ ಕೊನೆಯಲ್ಲಿ ಅದಕ್ಕೆ ‘ಪೋರ್ಕ್‌ಚಾಪ್’ ಎಂದು ಹೆಸರಿಡಲಾಯಿತು. ಹಂದಿಮಾಂಸದ ತುಂಡು ಎಂಬುದು ಆ ಪದದ ಅರ್ಥ. ಆದರೆ ಪೋರ್ಟೊರಿಕೊ ಮೂಲದ ನಿವಾಸಿಗಳು ಇದನ್ನು ಆಕ್ಷೇಪಿಸಿದರು. ತಮ್ಮ ಜನರನ್ನು ಹೀನಾಯವಾಗಿ ಕರೆಯಲು ಇದೇ ಪದವನ್ನು ಹಿಂದೆ ಬಳಸುತ್ತಿದ್ದರೆಂದು ಅವರು ತಿಳಿಸಿದರು. ಸಂಸ್ಥೆಯವರು ಹಟ ಹಿಡಿಯಲಿಲ್ಲ. ಕೆಲವೇ ದಿನಗಳಲ್ಲಿ ಆ ಹೆಸರನ್ನು ಕೈಬಿಟ್ಟು, ಕಬ್ಬಿಣಕ್ಕೆ ಸಂಬಂಧಿಸಿದ ‘ಫೆರಸ್’ ಎಂಬ ಹೆಸರನ್ನು ಇಟ್ಟರು.

ಒಬ್ಬರಿಗೆ ವಿನೋದವಾಗಿ ತೋರುವ ಮಾತು ಮತ್ತೊಬ್ಬರ ಹಳೆಯ ಗಾಯವನ್ನು ಕೆದಕಬಹುದು. ಊರಿನ ಹೆಸರಿನಲ್ಲಿ ಆಡುವ ತಂಡವು ಊರಿನ ಎಲ್ಲರಿಗೂ ಸೇರಿದುದು. ಅದರ ಹೆಸರನ್ನು ಎಲ್ಲರೂ ತಲೆಯೆತ್ತಿ ಕೂಗುವಂತಿದ್ದರೆ ಮಾತ್ರ ಅದು ಊರಿನ ಹೆಸರಾಗುತ್ತದೆ.